ಗಂಗಕ್ಕನ ಮನೆಯಲ್ಲಿ ನಾನಿದ್ದ ವರ್ಷ

ಕಳೆದ ತಿಂಗಳು ಕಚೇರಿ ಕೆಲಸದ ಮೇಲೆ ಅಜ್ಜಂಪುರಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಕಡೂರಿಗೆ ವಾಪಸಾಗುವ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಎಲ್ಲಿಯೂ ಹೋಗಬಾರದು, ಸ್ಟೇಷನ್ನಿನಲ್ಲೇ ಕೂತಿರಬೇಕು ಎಂದುಕೊಂಡವಳು ಹತ್ತು ನಿಮಿಷದಲ್ಲಿ ಈರುಳ್ಳಿ ಮಂಡಿಯ ಹಿಂದಿನ ಸಾಲುಮನೆಗಳ ಮುಂದೆ ನಿಂತಿದ್ದೆ. ಒಂಬತ್ತು ಹೆಂಚಿನ ಮನೆಗಳು, ಎಲ್ಲಕ್ಕೂ ಸೇರಿ ಒಂದೇ ಉದ್ದನೆಯ ಜಗುಲಿ. ಮಂಡಿಯಿಂದ ಹಾರಿಬಂದ ಈರುಳ್ಳಿ ಸಿಪ್ಪೆ ಜಗುಲಿಯ ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು. ಆ ಒಣಸಿಪ್ಪೆಯ ಘಾಟು ಮೂಗಿಗೆ ಬಂದದ್ದೇ ತಡ, ಕಣ್ಣಲ್ಲಿ ನೀರು. ಈರುಳ್ಳಿಯದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೆಗಲ ಚೀಲ, ಕತ್ತಿನ ಗುರುತಿನ ಚೀಟಿ ಎಲ್ಲ ಅವಳ ಕಣ್ಣಿಗೆ ಬಿತ್ತು.

"ಮನೆ ನೋಡಾಕ್ ಬಂದ್ರಾ? ಇಲ್ಲಿ ಯಾವ್ದೂ ಖಾಲಿ ಇಲ್ಲ ಕಣ್ರೀ."

ನಾನು ಮೂರನೇ ಮನೆಯನ್ನು ನೋಡುತ್ತಿದ್ದೆ. ಅದಕ್ಕೆ ಬೀಗ ಹಾಕಿತ್ತು.

"ಅದ್ನಂತೂ ಕೇಳ್ಲೇಬೇಡಿ," ಎಂದಳು. "ಅದ್ರಾಗೆ ಒಂದ್ಸಲ ಯಾರೋ ಆಫೀಸ್‌ನೋರು ಬಂದು ಸೇರ್ಕೊಂಡ್ಬಿಟ್ಟು ದೊಡ್ಡ ರಂಪ ಆಗಿತ್ತಂತೆ. ನಾನಾಗ ಮದ್ವೆಯಾಗಿ ಬಂದಿರ್ಲಿಲ್ಲ."

ಆ ಯಾರೋ ಆಫೀಸಿನವರು ನಾನೇ. ಹೇಳೋಣವೆಂದು ಬಾಯಿ ತೆರೆದೆ. ಹೇಳಿ ಏನಾಗಬೇಕಿತ್ತು? ಹೌದಾ ಎಂದು ತಲೆಯಾಡಿಸಿ ಸ್ಟೇಷನ್ ಕಡೆ ತಿರುಗಿದೆ.

ಅಜ್ಜಂಪುರ ಆಗಿನ್ನೂ ತಾಲ್ಲೂಕಾದ ಹೊಸತು. ಕಚೇರಿಗಳು ಒಂದೊಂದಾಗಿ ಬರುತ್ತಿದ್ದವು, ಕಚೇರಿಗಳ ಹಿಂದೆ ನಮ್ಮಂಥವರು ಬರುತ್ತಿದ್ದೆವು. ನಾನು ಒಂದು ಇಲಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಹಾಸನದ ಕಡೆಯವಳು. ಮೂವತ್ತೆಂಟು ದಾಟಿತ್ತು, ಮದುವೆಯಾಗಿರಲಿಲ್ಲ. ಈ ಕೊನೆಯ ಸಂಗತಿಯನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮನೆ ಹುಡುಕುವಾಗ ಜನ ಕೇಳುತ್ತಿದ್ದುದು ಅದೊಂದನ್ನೇ. "ಒಬ್ರೇ ಇರ್ತೀರಾ?" ಎಂಬಲ್ಲಿಗೆ ಮಾತು ಬಂತೆಂದರೆ ಮನೆ ಕೈತಪ್ಪಿತು ಎಂದೇ ಅರ್ಥ. ಹದಿನೈದು ದಿನ ಲಾಡ್ಜಿನಲ್ಲಿದ್ದೆ. ಕೊನೆಗೆ ಕಚೇರಿ ಎದುರಿನ ಟೀ ಅಂಗಡಿಯವನು ಕಡೂರಿನ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ನಂಬರು ಕೊಟ್ಟ. ಸಾಲುಮನೆಗಳು ಅವರದಂತೆ, ಮೂರನೆಯದು ಖಾಲಿಯಾಗಿದೆಯಂತೆ. ಫೋನ್ ಮಾಡಿದರೆ ಸಾಹುಕಾರರು ಕೇಳಿದ್ದು ಒಂದೇ ಮಾತು: "ಗವರ್ಮೆಂಟ್ ನೌಕರೀನಾ?" ಹೌದೆಂದೆ. ಮಾರನೆಯ ದಿನ ಬೀಗದ ಕೈ ಬಂತು. ನನ್ನ ಒಂಟಿತನಕ್ಕಿಂತ ನನ್ನ ನೌಕರಿ ದೊಡ್ಡದೆನಿಸಿದ್ದು ಜೀವನದಲ್ಲಿ ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಪಟ್ಟೆ.

ಸೋಮವಾರ ಒಳ್ಳೆಯ ದಿನವೆಂದು ಅವತ್ತೇ ಹಾಲುಕ್ಕಿಸಿದೆ. ಹೊಸ ಮನೆಯಲ್ಲಿ ಉಕ್ಕಿಸಿದ ಹಾಲನ್ನು ಅಕ್ಕಪಕ್ಕದವರಿಗೆ ಕೊಡದೆ ತಾನೊಬ್ಬಳೇ ಕುಡಿಯಬಾರದು, ಅಮ್ಮ ಹಾಗೆ ಹೇಳುತ್ತಿದ್ದಳು. ಸಕ್ಕರೆ ಏಲಕ್ಕಿ ಹಾಕಿ ಎಂಟು ಲೋಟಕ್ಕೆ ಬಗ್ಗಿಸಿ, ತಟ್ಟೆಯಲ್ಲಿಟ್ಟುಕೊಂಡು ಮೊದಲ ಮನೆಯಿಂದ ಶುರುಮಾಡಿದೆ. ಮೊದಲ ಮನೆಯ ರತ್ನಮ್ಮ ಬಟ್ಟೆ ಹೊಲಿಯುತ್ತಿದ್ದವರು ಮಿಷನ್ ನಿಲ್ಲಿಸಿ ಎದ್ದು ನಿಂತರು. "ಇವತ್ತು ಸ್ವಾಮಾರ, ಉಪಾಸ ಕಣ್ರೀ ಮೇಡಂ," ಎಂದರು. ಎರಡನೇ ಮನೆಯವರೂ ಉಪವಾಸ. ನಾಲ್ಕನೇ ಮನೆಯ ಸಿದ್ದಪ್ಪ, ಮಂಡಿಯಲ್ಲಿ ಹಮಾಲಿ, ಆಗ ತಾನೇ ಮುದ್ದೆ ಉಂಡ ಕೈ ತೊಳೆಯುತ್ತಿದ್ದ. ಅವನೂ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ "ನಾನೂ ಉಪಾಸವೇ" ಎಂದ. ಶಿವಭಕ್ತರ ಬೀದಿ, ಎಷ್ಟು ನಿಷ್ಠೆ ಎಂದುಕೊಂಡು ಎಂಟು ಲೋಟ ಹಾಲನ್ನೂ ವಾಪಸು ತಂದೆ. ಎರಡು ಲೋಟ ಕುಡಿದೆ, ಮಿಕ್ಕದ್ದು ಹೆಪ್ಪು ಹಾಕಿದೆ. ನನಗೆ ನಿಜಕ್ಕೂ ತಿಳಿಯಲಿಲ್ಲ.

ಆಮೇಲಿನ ಎರಡು ತಿಂಗಳು ನನ್ನ ಜೀವನದಲ್ಲಿ ಅತಿ ಹೆಚ್ಚು ಮರ್ಯಾದೆ ಸಿಕ್ಕ ಕಾಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ನಾನೂ ಕೊಡ ಹಿಡಿದು ನಲ್ಲಿಗೆ ಹೋದೆ. ಹೋದ ಕೂಡಲೇ ಎಲ್ಲರೂ ತಮ್ಮ ಕೊಡ ಸರಿಸಿ "ನೀವ್ ಹಿಡ್ಕಳಿ ಮೇಡಂ" ಎನ್ನುತ್ತಿದ್ದರು. ಒಂದು ದಿನವೂ ನನ್ನೊಂದಿಗೆ ಸರದಿಗೆ ಜಗಳ ಆಡಲಿಲ್ಲ. ನನ್ನ ಕೊಡ ತುಂಬುವವರೆಗೆ ಸುಮ್ಮನಿದ್ದು, ನಾನು ಹೊರಟು ಹತ್ತು ಹೆಜ್ಜೆ ಹಾಕಿದ ಮೇಲೆ ಮಾತು, ನಗು, ಜಗಳ ಎಲ್ಲ ಮತ್ತೆ ಶುರುವಾಗುತ್ತಿತ್ತು. ಆ ವರ್ಷ ಮಳೆಯೂ ಹಾಗೆಯೇ ಇತ್ತು. ಮೋಡ ಬಂದು ಕೂರುತ್ತಿತ್ತು, ಗಾಳಿ ಬೀಸುತ್ತಿತ್ತು, ನಾಲ್ಕು ಹನಿ ಬಿದ್ದು ಮುಂದೆ ಲಿಂಗದಹಳ್ಳಿಯ ಗುಡ್ಡಗಳ ಕಡೆ ಹೋಗಿಬಿಡುತ್ತಿತ್ತು. ಭಾನುವಾರ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ನನ್ನ ಗಂಟಲಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಸೋಮವಾರ ಕಚೇರಿಯಲ್ಲಿ ಮೊದಲ ಮಾತು ಆಡುವಾಗ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಒಂದು ಸಂಜೆ ಸಿದ್ದಪ್ಪ ಬಾಗಿಲ ಹೊರಗೆ ನಿಂತು ಕೂಗಿದ. ಒಳಗೆ ತೊಲೆಗೆ ಚುಚ್ಚಿಟ್ಟ ಒಂದು ದಬ್ಬಳ ಇರಬೇಕು, ಕೊಡ್ತೀರಾ ಎಂದ. ಇತ್ತು. ಗೋಣಿಚೀಲ ಹೊಲಿಯುವ ಆ ಉದ್ದನೆಯ ಸೂಜಿಯನ್ನು ನಾನು ಬಂದ ದಿನದಿಂದ ನೋಡುತ್ತಿದ್ದೆ, ಅದರಲ್ಲಿ ಒಂದು ಗೇಣು ಹುರಿಯೂ ಹಾಗೇ ಇತ್ತು.

"ಯಾರದ್ದು ಇದು?"

"ಗಂಗಕ್ಕಂದು. ಕೇಳಿ ಕಳ್ಸವ್ರೆ."

"ಯಾರು ಗಂಗಕ್ಕ?"

ಸಿದ್ದಪ್ಪ ನನ್ನ ಮುಖವನ್ನೇ ನೋಡಿದ. ನಾಟಕವಾಡುತ್ತಿದ್ದೇನೆಯೇ ಎಂದು ನೋಡಿದನೆಂದು ಕಾಣುತ್ತದೆ. "ನಿಮ್ಗೆ ಯಾರೂ ಹೇಳ್ಲೇ ಇಲ್ವಾ ಮೇಡಂ?" ಎಂದವನು ಜಗುಲಿಯ ಮೇಲೆ ಕೂತು ಹೇಳಿದ. ಗಂಗಕ್ಕ ಆ ಮನೆಯಲ್ಲಿ ನಲವತ್ತು ವರ್ಷ ಇದ್ದವಳು. ಗಂಡ ಸತ್ತದ್ದು ಅಲ್ಲೇ, ಮಂಡಿಗೆ ಚೀಲ ಹೊಲಿದು ಬದುಕಿದ್ದು ಅಲ್ಲೇ. ಸಾಲಿನ ಅರ್ಧ ಮಕ್ಕಳು ಅವಳ ಕಾಲ ಮೇಲೆ ಎಣ್ಣೆನೀರು ಹಾಕಿಸಿಕೊಂಡವರು. ತಾಲ್ಲೂಕು ಆದಮೇಲೆ ಸಾಹುಕಾರರಿಗೆ ನೌಕರಿಯವರ ಬಾಡಿಗೆಯ ಆಸೆ ಹುಟ್ಟಿತು. ಒಂದು ದಿನ ಫೋನ್ ಮಾಡಿ ಮನೆ ಬೇಕೆಂದರು. ಗಂಗಕ್ಕ ಗುಡಿಸಿ ಸಾರಿಸಿ, ದೀಪ ಹಚ್ಚಿ, ಬೀಗ ಹಾಕಿ, ಕೀಲಿಕೈ ಕಳುಹಿಸಿಕೊಟ್ಟು ಶಿವನಿಯ ತಂಗಿ ಮನೆಗೆ ಹೋಗಿಬಿಟ್ಟಳು. ಹದಿನೈದು ದಿನಕ್ಕೆ ನಾನು ತಟ್ಟೆಯಲ್ಲಿ ಹಾಲು ಹಿಡಿದು ಬಂದಿದ್ದೆ.

"ಕುಡಿಯಾಕ್ ಮನಸ್ ಬರ್ಲಿಲ್ಲ ಮೇಡಂ. ಕುಡುದ್ರೆ ನಿಮ್ಮನ್ನ ಒಪ್ಕೊಂಡಂಗೆ," ಎಂದ ಸಿದ್ದಪ್ಪ. ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ, "ಹೊಟ್ಟೇನೂ ತುಂಬಿತ್ತು ಅನ್ನಿ," ಎಂದ.

ನನಗೆ ಅಳು ಬಂತೋ ಸಿಟ್ಟು ಬಂತೋ ಈಗ ನೆನಪಿಲ್ಲ. ಎರಡೂ ಬಂದಿರಬೇಕು. ದಬ್ಬಳವನ್ನು ನಾನೇ ಕೊಟ್ಟು ಬರುತ್ತೇನೆ ಎಂದೆ. ಆ ಭಾನುವಾರ ಪ್ಯಾಸೆಂಜರ್ ಹತ್ತಿ ಪಕ್ಕದ ಶಿವನಿಯಲ್ಲಿ ಇಳಿದೆ.

ಸ್ಟೇಷನ್ನಿಗೆ ಹತ್ತಿರದಲ್ಲೇ ತಂಗಿಯ ಮನೆ. ಗಂಗಕ್ಕ ಬೇವಿನ ಮರದ ಕೆಳಗೆ ಚೀಲ ಹರಡಿಕೊಂಡು ಕೂತಿದ್ದಳು. ಒಣಕಲು ಮೈ, ಅರವತ್ತು ದಾಟಿದ ವಯಸ್ಸು, ಮೂಗಿನ ತುದಿಗೆ ಕನ್ನಡಕ. ಯಾರೆಂದು ಹೇಳಿ ದಬ್ಬಳ ಕೊಟ್ಟೆ. ತಿರುಗಿಸಿ ನೋಡಿ ಸೆರಗಿಗೆ ಒರೆಸಿಕೊಂಡಳು.

"ತೊಲೆ ಮ್ಯಾಗ್ಲಿಂದ ನೀನೇ ತೆಗ್ದಾ? ಎತ್ರ ಸಿಕ್ತಾ?"

"ಸ್ಟೂಲ್ ಹಾಕ್ಕೊಂಡೆ."

"ನಾನು ಒಳಕಲ್ಲು ಮ್ಯಾಗೆ ನಿಂತ್ಕೊಂತಿದ್ದೆ." ಇಷ್ಟು ಹೇಳಿ ಮತ್ತೆ ಚೀಲ ಕೈಗೆತ್ತಿಕೊಂಡಳು.

ನಾನು ಕಚೇರಿಯವಳ ಬುದ್ಧಿಯನ್ನು ಬಿಡಲಿಲ್ಲ. ಬಾಡಿಗೆಗೆ ಇದ್ದವರನ್ನು ಹಾಗೆಲ್ಲ ಒಂದು ಫೋನಿನಲ್ಲಿ ಎಬ್ಬಿಸಲು ಆಗುವುದಿಲ್ಲ, ಕರೆಂಟ್ ಬಿಲ್ಲು ನಿಮ್ಮ ಹೆಸರಲ್ಲಿತ್ತು, ರೇಷನ್ ಕಾರ್ಡಿನಲ್ಲಿ ಅದೇ ವಿಳಾಸ ಇತ್ತು, ಬೀಗ ನಿಮ್ಮ ಕೈಯಲ್ಲೇ ಇತ್ತು, ಯಾಕೆ ಬಿಟ್ಟುಕೊಟ್ಟಿರಿ ಎಂದು ಕೇಳಿದೆ. ಗಂಗಕ್ಕ ಚೀಲದ ಬಾಯಿ ಹೊಲಿಯುತ್ತಲೇ ಹೇಳಿದಳು.

ಸಾಹುಕಾರರ ತಂದೆಯ ಕಾಲದಿಂದ ಒಂದು ಪದ್ಧತಿ. ಯುಗಾದಿಯ ದಿನ ಒಂಬತ್ತು ಮನೆಯವರೂ ಸೇರಿ ತಟ್ಟೆಯಲ್ಲಿ ಬೇವುಬೆಲ್ಲ, ಎಲೆ ಅಡಿಕೆ ಇಟ್ಟು ಹಿಡಿಯುತ್ತಿದ್ದರು. ಯಜಮಾನರು ಅದರಿಂದ ಒಂದು ಎಲೆ, ಒಂದು ಅಡಿಕೆ ತೆಗೆದುಕೊಂಡು ತಟ್ಟೆಗೆ ಒಂದು ತೆಂಗಿನಕಾಯಿ ಇಟ್ಟು ವಾಪಸು ಕೊಡುತ್ತಿದ್ದರು. ಮುಂದಿನ ಯುಗಾದಿಯವರೆಗೆ ಮನೆ ನಿಮ್ಮದು ಎಂದು ಅದರ ಅರ್ಥ. ಕರಾರಿಲ್ಲ, ರಸೀದಿ ಇಲ್ಲ. ತಟ್ಟೆ ಹಿಡಿಯುವವಳು ಯಾವಾಗಲೂ ಗಂಗಕ್ಕ. ಈ ಯುಗಾದಿಗೆ ಈಗಿನ ಸಾಹುಕಾರರು ಬರಲೇ ಇಲ್ಲ. ಕೆಲಸ ಇದೆ ಎಂದು ಹೇಳಿಕಳುಹಿಸಿದರು. ಗಂಗಕ್ಕ ಸಂಜೆಯವರೆಗೆ ತಟ್ಟೆ ಹಿಡಿದು ಜಗುಲಿಯ ಮೇಲೆ ಕೂತಳು, ಎಲೆ ಬಾಡಿತು.

"ಬ್ಯಾರೆಯೋರು ಬಿಡು ಅಂದ್ರು. ನಂಗೆ ಬಿಡಾಕಾಗ್ಲಿಲ್ಲ. ಎಲೆ ತಗೊಳ್ದೆ ಇದ್ದೋರ ಮನ್ಯಾಗೆ ಹೆಂಗಿರಾದು? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಾಕಿಲ್ಲ ಅಂತಾರೆ. ನಂದು ಅಡಿಕೆಗೇ ಹೋಯ್ತು ನೋಡವ್ವ."

"ಅದು ತಪ್ಪು ಲೆಕ್ಕ ಗಂಗಕ್ಕ. ಕಾಗದದ ಪ್ರಕಾರ..."

"ನಲ್ವತ್ ವರ್ಷ ಎಲೇನೇ ನಮ್ ಕಾಗ್ದ," ಎಂದಳು.

ಎದುರಿಗೆ ಗೂಡ್ಸ್ ಗಾಡಿಯೊಂದು ನಿಧಾನವಾಗಿ ಹೋಯಿತು. ಅದರ ಸದ್ದು ಅಡಗಿತು. ನಾನು ಮನೆ ಬಿಟ್ಟುಬಿಡುತ್ತೇನೆ, ನೀವು ವಾಪಸು ಬನ್ನಿ ಎಂದೆ. ಗಂಗಕ್ಕ ಕನ್ನಡಕದ ಮೇಲಿಂದ ನೋಡಿದಳು. "ನೀನ್ ಬಿಟ್ರೆ ಬೀಗ ಅವ್ರ ಕೈಗೆ ಹೋಯ್ತದೆ. ಇನ್ನೊಬ್ಬ ಆಫೀಸ್‌ನೋನು ಬತ್ತಾನೆ. ಅವ್ನು ದಬ್ಬಳ ತಂದ್ಕೊಡ್ತಾನಾ? ನೀನಿದ್ರೇ ವಾಸಿ."

ನನ್ನನ್ನು ಕಳುಹಿಸಲು ಅವಳು ಸ್ಟೇಷನ್ನಿನವರೆಗೆ ಬಂದಳು. ರೈಲು ಬರುವ ಹೊತ್ತಿಗೆ ನನಗೆ ಉಪಾಯ ಹೊಳೆಯಿತು. ಹಾಗಾದರೆ ನನ್ನ ಮನೆಗೆ ನೆಂಟಳಾಗಿ ಬನ್ನಿ, ಬೀಗ ನನ್ನ ಕೈಯಲ್ಲೇ ಇರುತ್ತದೆ, ನೆಂಟರನ್ನು ಯಾರೂ ಕೇಳುವ ಹಾಗಿಲ್ಲ ಎಂದೆ. ಗಂಗಕ್ಕ ಮೊದಲ ಸಲ ನಕ್ಕಳು. "ನಮ್ಮನೆಗೆ ನಾನೇ ನೆಂಟ್ಳಾ?" ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ದೀಪಾವಳಿಗೆ ಮುಂಚೆ, ಈರುಳ್ಳಿ ಸುಗ್ಗಿಯಲ್ಲಿ ಮಂಡಿಗೆ ಚೀಲ ಬೇಕಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ನಾನು ಕಚೇರಿಗೆ ಹೊರಡುವ ಮುಂಚೆ ಒಂದು ಟ್ರಂಕು ಒಂದು ಚಾಪೆ ಹಿಡಿದು ಬಂದಿಳಿದಳು. ಅವತ್ತು ಸಂಜೆ ನಾನು ಕಚೇರಿಯಿಂದ ಬಂದರೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಎಂಟು ಮನೆಯವರೂ ನಡುಮನೆಯಲ್ಲಿ ಕೂತಿದ್ದರು. ರತ್ನಮ್ಮ ನನ್ನನ್ನು ನೋಡಿ, "ಮೇಡಂ, ಒಂದ್ ಲೋಟ ಹಾಲು ಬಾಕಿ ಇತ್ತಲ್ಲ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಮುಂದಿನ ಐದು ತಿಂಗಳ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಸುಖದ ದಿನಗಳಲ್ಲಿ ಹೇಳುವಂಥದ್ದು ಏನೂ ನಡೆಯುವುದಿಲ್ಲವೋ ಏನೋ. ಬೆಳಿಗ್ಗೆ ಗಂಗಕ್ಕ ರೊಟ್ಟಿ ತಟ್ಟುತ್ತಿದ್ದಳು, ನಾನು ನೀರು ಹಿಡಿಯುತ್ತಿದ್ದೆ. ನಲ್ಲಿಯಲ್ಲಿ ಈಗ ನನಗೂ ಜಗಳ ಸಿಗುತ್ತಿತ್ತು. "ನೌಕರಿ ಮಾಡಾಳಾದ್ರೆ ನಿನ್ ಕೊಡ ಮುಂದ್ ಬರ್ಬೇಕಾ?" ಎಂದು ಎರಡನೇ ಮನೆಯವಳು ಕೇಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಲಗುವ ಮುಂಚೆ ಗಂಗಕ್ಕ ಗೋಡೆಯ ಒಂದೊಂದು ಗೆರೆ ತೋರಿಸಿ, ಇದು ಸಿದ್ದಪ್ಪನ ಮಗ ಇಷ್ಟೆತ್ತರ ಇದ್ದಾಗ, ಇದು ರತ್ನಮ್ಮನ ದೊಡ್ಡವಳು ಎಂದು ಹೇಳುತ್ತಿದ್ದಳು. ಇದ್ದಿಲಲ್ಲಿ ಎಳೆದ ಆ ಗೆರೆಗಳನ್ನು ನಾನು ಹಳೆಯ ಕೊಳೆ ಎಂದು ಒರೆಸಲು ನೋಡಿದ್ದೆ. ಪುಣ್ಯಕ್ಕೆ ಹೋಗಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಇಬ್ಬರು ಟೇಪು ಹಿಡಿದು ಸಾಲನ್ನು ಅಳೆದುಕೊಂಡು ಹೋದರು. ಕೇಳಿದ್ದಕ್ಕೆ, ಕೆಳಗೆ ಅಂಗಡಿ ಮೇಲೆ ಲಾಡ್ಜು ಬರುತ್ತದೆ, ಸಾಹುಕಾರರು ಇಡೀ ಸಾಲನ್ನೇ ಮಾರುತ್ತಿದ್ದಾರೆ ಎಂದರು. ಒಂದು ಮನೆ ಹೋಗಿದ್ದನ್ನು ನೋಡಿದವರಿಗೆ ಒಂಬತ್ತೂ ಹೋಗುವುದು ಹೇಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ರತ್ನಮ್ಮನ ಜಗುಲಿಯಲ್ಲಿ ಎಲ್ಲರೂ ಸೇರಿದರು. ನಾನು ನೌಕರಿಯವಳು, ಹಿಂದೆ ಕೂತಿದ್ದೆ. ತರೀಕೆರೆಯ ಕೋರ್ಟಿನಲ್ಲಿ ನನಗೆ ಪರಿಚಯದ ಒಬ್ಬ ಲಾಯರಮ್ಮ ಇದ್ದರು. ಅವರು ಹೇಳಿದ್ದನ್ನು ತಂದು ಹೇಳಿದೆ: ಬೀಗ ನಿಮ್ಮ ಕೈಯಲ್ಲಿರುವ ತನಕ ಯಾರೂ ಸುಮ್ಮನೆ ಎಬ್ಬಿಸುವ ಹಾಗಿಲ್ಲ, ಕೋರ್ಟಿಗೆ ಹೋಗಬೇಕು. ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮಕ್ಕಳ ಶಾಲೆಯ ಟಿ.ಸಿ., ಏನಿದೆಯೋ ಎಲ್ಲ ಒಂದು ಕಡೆ ಸೇರಿಸಿ. ಎಲ್ಲಕ್ಕಿಂತ ಮುಖ್ಯ, ಒಬ್ಬೊಬ್ಬರೇ ಮಾತಿಗೆ ಹೋಗಬೇಡಿ.

"ಒಬ್ರನ್ನ ಕರುದ್ರೆ ಒಂಬತ್ ಮನೆಯೋರೂ ಹೋಗಾದು," ಎಂದ ಸಿದ್ದಪ್ಪ. ಅದೇ ತೀರ್ಮಾನವಾಯಿತು. ಸಾಹುಕಾರರು ಕಡೂರಿಗೆ ಎಂಟನೇ ಮನೆಯವನೊಬ್ಬನನ್ನೇ ಕರೆದಾಗ ಇಪ್ಪತ್ತಮೂರು ಜನ ರೈಲು ಹತ್ತಿ ಹೋಗಿ ಅವರ ತೆಂಗಿನಕಾಯಿ ಮಂಡಿಯ ಮುಂದೆ ನಿಂತರು. ಕೂರಿಸಲು ಜಾಗವಿಲ್ಲದೆ ಸಾಹುಕಾರರು ಎಲ್ಲರಿಗೂ ಎಳನೀರು ಕುಡಿಸಿ ಕಳುಹಿಸಿದರಂತೆ.

ಕೊಳ್ಳಲು ಬರುವವರನ್ನು ನೋಡಿಕೊಂಡದ್ದು ರತ್ನಮ್ಮ. ಅವರ ಹತ್ತಿರ ಯಾರನ್ನೂ ಬೈಯುವ ಪ್ರಶ್ನೆಯೇ ಇಲ್ಲ. ಕಾರು ಬಂದು ನಿಂತರೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಬನ್ನಿ ತೋರಿಸುತ್ತೇನೆ ಎಂದು ಒಂದನೇ ಮನೆಯಿಂದ ಒಂಬತ್ತನೆಯದರವರೆಗೆ ಕರೆದುಕೊಂಡು ಹೋಗುತ್ತಿದ್ದರು. "ಇದು ಸಿದ್ದಪ್ಪನ ಮನೆ. ಅವ್ರ ಅವ್ವ ಇದೇ ಬಾಗ್ಲಾಗೆ ಕೂತು ಪ್ರಾಣ ಬಿಟ್ರು, ಮಗ ಮಂಡಿಯಿಂದ ಬರ್ಲಿ ಅಂತ ಕಾಯ್ತಾ. ಇದು ಗಂಗಕ್ಕನ ಮನೆ. ಈ ಹಿತ್ಲಲ್ಲಿ ನುಗ್ಗೆ ಮರ ಐತಲ್ಲ, ನಮ್ ಮಕ್ಕಳದ್ದೆಲ್ಲ ಹೊಕ್ಕುಳಬಳ್ಳಿ ಅದ್ರ ಬುಡದಾಗೇ ಹೂತಿರಾದು. ಕಡಿಸ್ಬೇಕಾದ್ರೆ ನೀವೇ ಮುಂದ್ ನಿಂತು ಕಡಿಸ್ಬೇಕು, ನಮ್ ಕೈಲಿ ಆಗಾಕಿಲ್ಲ." ಒಂದು ಮಾತೂ ಸುಳ್ಳಲ್ಲ. ಒಂದು ಸಲ ಬಂದವರ ಹೆಂಡತಿ ಐದನೇ ಮನೆಯ ಹೊತ್ತಿಗೇ ಗಂಡನ ತೋಳು ಹಿಡಿದು, ನಡೀರಿ, ಬೇರೆ ಕಡೆ ನೋಡೋಣ ಎಂದರು. ಮಜ್ಜಿಗೆಯ ಲೋಟ ಹಾಗೇ ಉಳಿಯಿತು. ಯುಗಾದಿ ಹತ್ತಿರ ಬರುವಷ್ಟರಲ್ಲಿ ಮುಂಗಡ ಮಾತಾಡಿದ್ದವನೂ ಹಿಂದೆ ಸರಿದ ಸುದ್ದಿ ಬಂತು. ಸಾಹುಕಾರರು ಈ ಸಲ ಹಬ್ಬಕ್ಕೆ ತಾವೇ ಬರುವುದಾಗಿ ಹೇಳಿಕಳುಹಿಸಿದರು.

ಬರೀ ಎಲೆ ಸಾಲದು, ಎಲೆಯ ಜೊತೆ ಕಾಗದವೂ ಆಗಲಿ ಎಂದು ಈ ಸಲ ಗಂಗಕ್ಕನೇ ಹೇಳಿದಳು. ಒಂಬತ್ತು ಮನೆಯ ಪರವಾಗಿ ಕೊಡುವ ಮನವಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಅಕ್ಷರ ಗುಂಡಗೆ, ಕಚೇರಿಯಲ್ಲೂ ಹೆಸರಿದೆ. ರತ್ನಮ್ಮ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಹನ್ನೊಂದು ವರ್ಷಕ್ಕೆ ಕರಾರು ಆಗಬೇಕು. ಬಾಡಿಗೆ ಏರಿಸುವುದಾದರೆ ಎಲ್ಲರನ್ನೂ ಕೂರಿಸಿ ಕೇಳಬೇಕು. ಮನೆ ಖಾಲಿಯಾದರೆ ಮೊದಲು ಈ ಸಾಲಿನವರ ಮಕ್ಕಳಿಗೆ ಕೊಡಬೇಕು.

"ಇನ್ನೊಂದ್ ಬರೀರಿ," ಎಂದರು ರತ್ನಮ್ಮ. "ತಾಲ್ಲೂಕ್ ಆಗಾಕೆ ಮುಂಚಿಂದ ಇದ್ದೋರ ಹೆಸ್ರಿಗೆ ಮಾತ್ರ ಕರಾರು. ಇಲ್ದಿದ್ರೆ ನಾಳೆ ಯಾರ್ಯಾರೋ ಬಂದು ಸೇರ್ಕೊಂತಾರೆ."

ಪೆನ್ನು ನಿಂತಿತು. ಆ ಮಾತು ಸರಿಯಾಗಿತ್ತು. ಅದಿಲ್ಲದೆ ಮಿಕ್ಕ ಯಾವ ಮಾತಿಗೂ ಬೆಲೆಯಿರಲಿಲ್ಲ. ಲಾಯರಮ್ಮನೂ ಹಾಗೇ ಹೇಳಿದ್ದರು. ಆದರೆ ನಾನು ತಾಲ್ಲೂಕಿನ ಜೊತೆ ಬಂದವಳು. ತಲೆ ಎತ್ತಿ ನೋಡಿದೆ. ರತ್ನಮ್ಮ ಮುಂದಿನ ಸಾಲು ಯೋಚಿಸುತ್ತಿದ್ದರು, ಸಿದ್ದಪ್ಪ ಬೀಡಿ ಹುಡುಕುತ್ತಿದ್ದ. ಯಾರಿಗೂ ಹೊಳೆದಿರಲಿಲ್ಲ. ಗಂಗಕ್ಕ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆದೆ.

ಯುಗಾದಿಯ ದಿನ ಸಾಹುಕಾರರು ಬಂದರು. ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ರಾಕ್ಷಸನಲ್ಲ ಅವರು. ದಪ್ಪಗಿನ, ಸಂಕೋಚದ ಮನುಷ್ಯ, ಸಕ್ಕರೆ ಕಾಯಿಲೆಯೆಂದು ಬೇವುಬೆಲ್ಲದಲ್ಲಿ ಬೇವನ್ನೇ ಹೆಚ್ಚು ತಿಂದರು. ಮನವಿಯನ್ನು ಎರಡು ಸಲ ಓದಿದರು. ಮಾರುವುದು ನನಗೂ ಇಷ್ಟವಿರಲಿಲ್ಲ ಎಂದರು, ಅದು ಎಷ್ಟು ನಿಜವೋ. ಎಂಟು ಮನೆಗೆ ತಕರಾರಿಲ್ಲ, ಕಾಗದ ಮಾಡಿಸೋಣ ಎಂದರು. ಆಮೇಲೆ ಮೂರನೇ ಮನೆಯ ಕಡೆ ತಿರುಗಿದರು.

"ಇದೊಂದು ಮನೆ ಮೇಡಮ್ಮೋರ ಹೆಸ್ರಲ್ಲೈತೆ. ಒಂದ್ ಮನೆಗೆ ಎರಡು ಹೆಸ್ರು ನಾನು ಬರ್ಕೊಡಲ್ಲ, ಮುಂದೆ ತಲೆನೋವು. ಮೇಡಂ, ನೀವಿದ್ರೆ ನಿಮ್ದು. ನೀವು ಬಿಟ್ರೆ ಗಂಗಮ್ಮಂದು. ಏನಂತೀರಿ?"

ಗಂಗಕ್ಕ ತಟ್ಟೆ ಹಿಡಿದು ನಿಂತಿದ್ದಳು. ಎಲೆಯ ಮೇಲೆ ನೀರು ಚಿಮುಕಿಸಿದ್ದಳು, ಬಾಡಬಾರದೆಂದು. ಎಂಟು ಮನೆಯವರೂ ಆ ತಟ್ಟೆಯನ್ನೇ ನೋಡುತ್ತಿದ್ದರು. ಯಾರಾದರೂ ಒಬ್ಬರು ಒಂದು ಮಾತು ಹೇಳಲಿ ಎಂದು ಕಾದೆ. ಮೇಡಂ ಕೂಡ ನಮ್ಮವರೇ ಅಂತ, ಇಬ್ಬರೂ ಇರಲಿ ಅಂತ, ಸುಮ್ಮನೆ ಬಾಯಿಮಾತಿಗೆ. ಎಷ್ಟು ಹೊತ್ತು ಕಾದೆನೋ. ಯಾರೂ ಹೇಳಲಿಲ್ಲ. ಗಂಗಕ್ಕನೂ ಹೇಳಲಿಲ್ಲ.

"ಕಡೂರಲ್ಲಿ ಮನೆ ನೋಡ್ಕೊಂಡಿದ್ದೀನಿ," ಎಂದೆ.

ನೋಡಿರಲಿಲ್ಲ. ಸಾಹುಕಾರರು ತಟ್ಟೆಯಿಂದ ಒಂದು ಎಲೆ, ಒಂದು ಅಡಿಕೆ ತೆಗೆದುಕೊಂಡು ತೆಂಗಿನಕಾಯಿ ಇಟ್ಟರು. ಎಲ್ಲರೂ ಉಸಿರು ಬಿಟ್ಟದ್ದು ಕೇಳಿಸಿತು. ಸಿದ್ದಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಸಾಮಾನು ಕಟ್ಟುವಾಗ ಗಂಗಕ್ಕ ನನ್ನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದುಕೊಟ್ಟಳು. ಎರಡು ದಿನದಿಂದ ಅವಳ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಅದು ಅವಳಿಗೂ ಗೊತ್ತಿತ್ತು.

"ಸುಳ್ ಹೇಳ್ದೆ ಕಣವ್ವ ನೀನು ಅವತ್ತು," ಎಂದಳು.

"ಗೊತ್ತಿದ್ದೂ ಸುಮ್ಮನಿದ್ರಿ."

"ನಾನು ಒಂದ್ ಮಾತ್ ಅಂದಿದ್ರೆ ನೀನು ಉಳ್ಕೊಂಬಿಡ್ತಿದ್ದೆ. ಅದ್ಕೇ ಅನ್ಲಿಲ್ಲ." ಹುರಿಯನ್ನು ಹಲ್ಲಿನಿಂದ ಕಡಿದಳು. "ಇಬ್ರಿಗೆ ಜಾಗ ಇರ್ಲಿಲ್ಲ. ನಂಗೆ ಇನ್ನೊಂದ್ ಸಲ ಹೋಗಾಕೆ ಶಕ್ತಿ ಇರ್ಲಿಲ್ಲ. ನಿಂಗೈತೆ ಅಂದ್ಕೊಂಡೆ."

ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಹೋಗಲು ಸುಮಾರು ದಿನ ಹಿಡಿಯಿತು. ಕಡೂರಿನಿಂದ ರೈಲಿನಲ್ಲಿ ಕಚೇರಿಗೆ ಓಡಾಡುತ್ತಿದ್ದೆ, ಆಮೇಲೆ ಕಡೂರಿಗೇ ವರ್ಗವಾಯಿತು. ಗಂಗಕ್ಕ ಈಗಲೂ ಮೂರನೇ ಮನೆಯಲ್ಲೇ ಇದ್ದಾಳೆ. ಹಬ್ಬಕ್ಕೆ ಸಿದ್ದಪ್ಪನ ಮಗನಿಂದ ಫೋನ್ ಮಾಡಿಸುತ್ತಾಳೆ, ಉಂಡ್ಯಾ ಎಂದು ಕೇಳಿ ಇಟ್ಟುಬಿಡುತ್ತಾಳೆ. ಕಳೆದ ತಿಂಗಳು ನಾನು ಹೋದಾಗ ಬೀಗ ಹಾಕಿದ್ದು ಅವಳು ಶಿವನಿಗೆ ತಂಗಿಯನ್ನು ನೋಡಲು ಹೋಗಿದ್ದಕ್ಕೆ ಎಂದು ಆಮೇಲೆ ಗೊತ್ತಾಯಿತು.

ನಾನು ಅಜ್ಜಂಪುರ ಬಿಟ್ಟ ದಿನ ಸಾಲಿನವರೆಲ್ಲ ಸ್ಟೇಷನ್ನಿಗೆ ಬಂದಿದ್ದರು. ಕಡೂರಿನಲ್ಲಿ ಇಳಿದಾಗ ಮಾತ್ರ ನನ್ನ ಜೊತೆ ಮೂರು ಗೋಣಿಚೀಲ. ಅವನ್ನು ಸಹೋದ್ಯೋಗಿಯೊಬ್ಬರ ಮನೆಯಲ್ಲಿಟ್ಟು ಮನೆ 'ನೋಡಿಕೊಳ್ಳಲು' ಹೊರಟೆ. ಎರಡನೇ ದಿನ, ಸ್ಟೇಷನ್ನಿಗೆ ಹತ್ತಿರದ ಹೊಸ ಬಡಾವಣೆಯಲ್ಲಿ ಒಂದು ಮನೆಗೆ ಬಾಡಿಗೆಯ ಬೋರ್ಡು ಕಂಡಿತು. ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಲಿಲ್ಲ. ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬರು ಬಾಗಿಲು ಅರ್ಧ ತೆರೆದರು.

"ಈ ಮನೆಯಲ್ಲಿ ಮುಂಚೆ ಯಾರಿದ್ರು?" ಎಂದು ಕೇಳಿದೆ. "ಯಾಕೆ ಬಿಟ್ಟುಹೋದ್ರು, ನಿಮಗೇನಾದ್ರೂ ಗೊತ್ತಾ?"

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಆ ಬಾಗಿಲನ್ನು ಈಗ ತಾನೇ ನೋಡುತ್ತಿರುವವರ ಹಾಗೆ ಒಮ್ಮೆ ನೋಡಿದರು.

"ಗೊತ್ತಿಲ್ಲ ಕಣ್ರೀ. ಯಾರೋ ಇದ್ರು."

ಆ ಮನೆಯನ್ನೇ ಹಿಡಿದೆ. ಈಗಲೂ ಅಲ್ಲೇ ಇದ್ದೇನೆ.